ಬೇಲಿನ ಮುಂದೆ ನಿಂತವರ ಆಟ: ನೂರಿಪ್ಪತ್ತು ವರ್ಷದ ಲೆಕ್ಕ

ಸಸಿ ಮಡಿ ಹಾಕೋ ಕಾಲ ಹತ್ತಿರ ಬಂತು. ಬಿತ್ತನೆ, ಗೊಬ್ಬರದ ವಿಚಾರ ಮುಂದಿನ ಸಲ ಬರೀತೀನಿ. ಇವತ್ತು ಸ್ವಲ್ಪ ಹಳೇ ಚರಿತ್ರೆ. ಉದ್ದ ಇದೆ, ಬಿಡುವಾದಾಗ ಓದಿ.

ಕಟ್ಟೆಮಳಲವಾಡಿ ಆಗ್ಲಿ, ಚಿಲ್ಕುಂದ ಆಗ್ಲಿ, ಕಂಪಲಾಪುರ, ಎಚ್.ಡಿ.ಕೋಟೆ ಆಗ್ಲಿ, ಹರಾಜು ಶುರುವಾದ ಮೊದಲ ವಾರ ಮಾರುಕಟ್ಟೆ ಆಚೆ ಟೀ ಅಂಗಡೀಲಿ ಕೇಳಿಸೋದು ಒಂದೇ ಮಾತು. "ಬಯ್ಯರ್‌ಗಳೆಲ್ಲಾ ಒಳಗೊಳಗೇ ಒಂದಾಗವ್ರೆ ಕಣಪ್ಪಾ." ಒಳ್ಳೆ ಸೊಪ್ಪು ಅಂತ ನಾವು ಅಂದುಕೊಂಡ ಬೇಲಿಗೂ ದರ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತೆ. ಹತ್ತು ಜನ ನಿಂತಿದ್ರೂ ಯಾರೂ ಮೇಲಕ್ಕೆ ಹೋಗಲ್ಲ. ಕೆಲವು ಬೇಲು ನೋ ಬಿಡ್ ಆಗಿ ವಾಪಸ್ ಮನೆಗೆ.

ಅವರು ನಿಜವಾಗ್ಲೂ ಕೂತು ಮಾತಾಡಿಕೊಂಡಿದಾರಾ? ನನ್ನ ಹತ್ರ ಸಾಕ್ಷಿ ಇಲ್ಲ, ಹಾಗೆ ಆರೋಪ ಮಾಡೋದೂ ಇಲ್ಲ. ಆದ್ರೆ ಮಾತೇ ಆಡದೆಯೂ ಹಾಗೆ ಆಗಬಹುದು ಅನ್ನೋದನ್ನ ಲೆಕ್ಕ ಹಾಕಿ ತೋರಿಸೋ ಒಂದು ಶಾಸ್ತ್ರ ಇದೆ. ಅದಕ್ಕೆ ಗೇಮ್ ಥಿಯರಿ ಅಂತಾರೆ. ನಾನು ಲಾಭ ಮಾಡಬೇಕಾದ್ರೆ ಎದುರಿಗಿರೋನು ಏನು ಮಾಡ್ತಾನೆ ಅಂತ ಮೊದಲು ಲೆಕ್ಕ ಹಾಕಬೇಕು, ಅವನೂ ನನ್ನ ಬಗ್ಗೆ ಹಾಗೇ ಹಾಕ್ತಿರ್ತಾನೆ, ಇಷ್ಟೇ ಅದರ ಬುಡ. ವಾನ್ ನಾಯ್ಮನ್, ಮಾರ್ಗನ್‌ಸ್ಟರ್ನ್ ಅನ್ನೋ ಇಬ್ಬರು 1944ರಲ್ಲಿ ಇದರ ದೊಡ್ಡ ಗ್ರಂಥ ಬರೆದರು. ಜಾನ್ ನ್ಯಾಶ್ ಅನ್ನೋ ಗಣಿತದವರಿಗೆ ಇದೇ ಕೆಲಸಕ್ಕೆ 1994ರಲ್ಲಿ ನೊಬೆಲ್ ಬಂತು.

ನಮ್ಮ ಭಾಷೇಲಿ ಹೇಳೋದಾದ್ರೆ ಹೀಗೆ. ಲೆಕ್ಕಕ್ಕೆ ಅಂತ ಅಂಕಿ ಇಟ್ಕೊಳಿ. ಒಂದು ಬೇಲು, ಇಬ್ಬರು ಬಯ್ಯರ್. ಇಬ್ಬರಿಗೂ ಆ ಸೊಪ್ಪು ಕೆ.ಜಿ.ಗೆ 240 ರೂಪಾಯಿ ಬೆಲೆ ಬಾಳುತ್ತೆ. ಇಬ್ಬರೂ ಜಿದ್ದಿಗೆ ಬಿದ್ರೆ ದರ 235ಕ್ಕೆ ಹೋಗುತ್ತೆ, ಗೆದ್ದವನಿಗೆ ಉಳಿಯೋದು 5 ರೂಪಾಯಿ. ಇಬ್ಬರೂ 210ಕ್ಕೆ ಸುಮ್ಮನಾದ್ರೆ, ಒಂದು ಬೇಲು ನಿನಗೆ ಒಂದು ನನಗೆ ಅಂತ ಹಂಚಿಹೋಗುತ್ತೆ, ಕೆ.ಜಿ.ಗೆ 30 ರೂಪಾಯಿ ಉಳಿಯುತ್ತೆ. ಹರಾಜು ಒಂದೇ ದಿನ ಇದ್ದಿದ್ರೆ ಇಬ್ಬರಲ್ಲಿ ಒಬ್ಬ ಆಸೆಗೆ ಬಿದ್ದು 211 ಅಂದೇ ಅಂತಿದ್ದ, ಎರಡೂ ಬೇಲು ಬಾಚಿಕೊಳ್ತಿದ್ದ. ಆದ್ರೆ ನಮ್ಮ ಹರಾಜು ತಿಂಗಳುಗಟ್ಟಲೆ ನಡೆಯುತ್ತೆ. ಅವರೇ ಜನ, ಅದೇ ಸಾಲು. ಇವತ್ತು ನಾನು ಏರಿಸಿದ್ರೆ ನಾಳೆ ಅವನು ಏರಿಸ್ತಾನೆ, ಆಮೇಲೆ ವರ್ಷಪೂರ್ತಿ ಇಬ್ಬರಿಗೂ ಐದೇ ರೂಪಾಯಿ. ಆದ್ದರಿಂದ ಸುಮ್ಮನಿರೋದೇ ಲಾಭ. ಇದಕ್ಕೆ ಫೋನು ಬೇಡ, ಮೀಟಿಂಗು ಬೇಡ.

ಇದನ್ನ ನಾವು ಬೇರೆ ರೂಪದಲ್ಲಿ ಹುಟ್ಟಿದಾಗಿಂದ ನೋಡಿದೀವಿ. ಮುಯ್ಯಾಳು ಪದ್ಧತಿ. ನಿಮ್ಮ ಸೊಪ್ಪು ಕಟ್ಟೋಕೆ ನಾನು ಬಂದ್ರೆ, ನನ್ನ ಸೊಪ್ಪಿಗೆ ನೀವು ಬರ್ತೀರಿ. ಒಂದು ಸಲ ಕೈಕೊಟ್ಟೋರಿಗೆ ಮುಂದಿನ ಸಲ ಯಾರೂ ಬರಲ್ಲ. ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಅನ್ನೋ ಪ್ರೊಫೆಸರು ಕಂಪ್ಯೂಟರ್ ಮೇಲೆ ಇಂಥ ಆಟ ಆಡಿಸಿ 1984ರಲ್ಲಿ ಪುಸ್ತಕ ಬರೆದ್ರು. ಅಲ್ಲಿ ಗೆದ್ದ ಉಪಾಯ ಬಹಳ ಸರಳ: ಮೊದಲು ಕೂಡಿಕೊಂಡು ಹೋಗು, ಆಮೇಲೆ ಎದುರಿನವನು ಏನು ಮಾಡ್ತಾನೋ ಅದನ್ನೇ ಮಾಡು. ನಮ್ಮ ಮುಯ್ಯಿಗೆ ಮುಯ್ಯಿ. ಊರೊಳಗೆ ಇದು ಒಳ್ಳೇದು ಮಾಡುತ್ತೆ. ಬೇಲಿನ ಮುಂದೆ ನಿಂತೋರು ಇದನ್ನೇ ಮಾಡಿದ್ರೆ ನಮ್ಮ ಹೊಟ್ಟೆಗೆ ಹೊಡೆಯುತ್ತೆ.

ಈಗ ಚರಿತ್ರೆಗೆ ಬರೋಣ. ಹೊಗೆಸೊಪ್ಪಿನಲ್ಲಿ ಈ ಆಟ ನಮ್ಮ ತಾತಂದಿರ ಕಾಲಕ್ಕಿಂತ ಹಳೇದು.

1901ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಯ ಜೇಮ್ಸ್ ಡ್ಯೂಕ್ ಇಂಗ್ಲೆಂಡಿಗೆ ಬಂದು ಲಿವರ್‌ಪೂಲಿನ ಆಗ್ಡನ್ ಅನ್ನೋ ಸಿಗರೇಟ್ ಕಂಪನಿ ಕೊಂಡ. ಅಮೆರಿಕದಲ್ಲಿ ಒಬ್ಬೊಬ್ಬರನ್ನೇ ನುಂಗಿ ಬಂದಿದ್ದ ಆಸಾಮಿ. ಹೆದರಿದ ಬ್ರಿಟಿಷ್ ಕಂಪನಿಗಳು 13 ಸೇರಿ ಅದೇ ವರ್ಷ ಇಂಪೀರಿಯಲ್ ಟೊಬ್ಯಾಕೊ ಅಂತ ಒಂದಾದವು. ವಿಲ್ಸ್ ಅದರಲ್ಲಿ ದೊಡ್ಡದು. ನಮ್ಮ ಪೆಟ್ಟಿಗೆ ಅಂಗಡೀಲಿ ಆ ಹೆಸರು ಇವತ್ತಿಗೂ ಇದೆ. ಆಮೇಲೆ ಜಗಳ ಶುರು. ಡ್ಯೂಕ್ ಕಡೆಯೋರು ಅಂಗಡಿಯೋರಿಗೆ ನಮ್ಮ ಲಾಭವನ್ನೇ ಹಂಚ್ತೀವಿ, ಅದರ ಮೇಲೆ ವರ್ಷಕ್ಕೆ 2 ಲಕ್ಷ ಪೌಂಡ್ ಬೋನಸ್ ಕೊಡ್ತೀವಿ ಅಂದ್ರು. ಇವರೂ ಬೋನಸ್ ಅಂದ್ರು. ಇಬ್ಬರ ಕೈಯೂ ಸುಟ್ಟಿತು.

ಒಂದು ವರ್ಷ ಕಳೆಯೋದ್ರೊಳಗೆ, 1902ರ ಸೆಪ್ಟೆಂಬರಿನಲ್ಲಿ ರಾಜಿ ಆಯ್ತು. ಬ್ರಿಟನ್ ನಿಮಗೆ, ಅಮೆರಿಕ ನಮಗೆ, ಉಳಿದ ಪ್ರಪಂಚಕ್ಕೆಲ್ಲಾ ಇಬ್ಬರೂ ಸೇರಿ ಒಂದೇ ಕಂಪನಿ. ಅದೇ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ, ಬಿ.ಎ.ಟಿ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಭೂಮಂಡಲಾನೇ ಪಾಲು ಮಾಡಿಕೊಂಡರು. ಆ "ಉಳಿದ ಪ್ರಪಂಚ"ದೊಳಗೆ ನಾವೂ ಸೇರಿದ್ವಿ. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಹುಟ್ಟಿತು. 1912ರಲ್ಲಿ ಗುಂಟೂರಿನಲ್ಲಿ ಸೊಪ್ಪು ಬೆಳೆಸಿ ಕೊಳ್ಳೋಕೆ ಅಂತಲೇ ಐ.ಎಲ್.ಟಿ.ಡಿ. ಬಂತು. ಆ ಇಂಪೀರಿಯಲ್ ಟೊಬ್ಯಾಕೊನೇ ಇವತ್ತಿನ ಐಟಿಸಿ, ನಮ್ಮ ಸೊಪ್ಪಿನ ದೊಡ್ಡ ಖರೀದಿದಾರ. ಅದರಲ್ಲಿ ಬಿ.ಎ.ಟಿ.ಗೆ ಇವತ್ತಿಗೂ ದೊಡ್ಡ ಪಾಲಿದೆ.

ಆ ಕಡೆ ಅಮೆರಿಕದ ಕೆಂಟಕಿ ರೈತರ ಕತೆ ನಾವೆಲ್ಲಾ ತಿಳಿಯಬೇಕಾದ್ದು. ಕೊಳ್ಳೋನು ಒಬ್ಬನೇ ಆದಮೇಲೆ ದರ ನೆಲಕ್ಕೆ ಬಿತ್ತು. 1904ರಲ್ಲಿ ಗತ್ರಿ ಅನ್ನೋ ಊರಲ್ಲಿ ರೈತರು ಸೇರಿ ಸಂಘ ಕಟ್ಟಿದ್ರು. ಸೊಪ್ಪೆಲ್ಲಾ ಸಂಘದ ಉಗ್ರಾಣಕ್ಕೆ, ದರ ಬರೋವರೆಗೂ ಮಾರೋದಿಲ್ಲ. ಕಂಪನಿ ಏನು ಮಾಡ್ತು? ಸಂಘದ ಆಚೆ ಇದ್ದೋರಿಗೆ ಒಳ್ಳೆ ದರ ಕೊಟ್ಟು ಕೊಳ್ಳೋಕೆ ಶುರು ಮಾಡ್ತು. ಸಂಘದಲ್ಲಿದ್ದೋನಿಗೆ ಉಪವಾಸ, ಬಿಟ್ಟೋನಿಗೆ ಲಾಭ. ಆಗ ಕೆಲವರು ರಾತ್ರಿ ಮುಖ ಮುಚ್ಚಿಕೊಂಡು ಕುದುರೆ ಮೇಲೆ ಹೋಗಿ, ಸಂಘಕ್ಕೆ ಸೇರದ ರೈತರ ಸಸಿ ಮಡಿ ಕೆರೆದು ಹಾಕಿದ್ರು, ಜನಕ್ಕೆ ಹೊಡೆದ್ರು. 1907ರ ಡಿಸೆಂಬರಿನಲ್ಲಿ ಹಾಪ್ಕಿನ್ಸ್‌ವಿಲ್ ಪಟ್ಟಣದ ಉಗ್ರಾಣಗಳಿಗೆ ಬೆಂಕಿ ಇಟ್ರು. ಕಂಪನಿ ಮೇಲಿನ ಸಿಟ್ಟು ಕೊನೆಗೆ ಬಿದ್ದದ್ದು ಪಕ್ಕದ ಹೊಲದ ರೈತನ ಬೆನ್ನ ಮೇಲೆ. ಅದೇ ಕೆಂಟಕಿಯ ಬರ್ಲಿ ಬೆಳೆಗಾರರು 1908ರಲ್ಲಿ ಬಹುಪಾಲು ಜನ ನಾಟಿಯನ್ನೇ ಮಾಡಲಿಲ್ಲ. ಕಂಪನಿ ಬಗ್ಗಿತು, ಕೂಡಿಟ್ಟ ಸೊಪ್ಪು ಕೊಂಡಿತು. ಆದ್ರೆ ದರ ಏರಿದ್ದೇ ತಡ, ಮುಂದಿನ ವರ್ಷ ಎಲ್ಲಾ ಮತ್ತೆ ಹೊಲ ತುಂಬಾ ನೆಟ್ಟರು, ಒಗ್ಗಟ್ಟು ಒಡೀತು.

1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಡ್ಯೂಕನ ಕಂಪನಿ ಒಡೆಯೋಕೆ ಆದೇಶ ಮಾಡ್ತು. ಒಬ್ಬ ಹೋಗಿ ನಾಲ್ಕು ಜನ ಕೊಳ್ಳೋರು ಆದ್ರು. ರೈತರು ಗೆದ್ರು ಅಂದುಕೊಂಡ್ರಾ? 1946ರಲ್ಲಿ ಅದೇ ಕೋರ್ಟು ಮತ್ತೊಂದು ತೀರ್ಪು ಕೊಟ್ಟಿತು. ಅಮೆರಿಕನ್ ಟೊಬ್ಯಾಕೊ, ಲಿಗೆಟ್ ಅಂಡ್ ಮೈಯರ್ಸ್, ರೆನಾಲ್ಡ್ಸ್, ಮೂರೂ ಕಂಪನಿ ಪಿತೂರಿಯಲ್ಲಿ ತಪ್ಪಿತಸ್ಥ ಅಂತ. ವಿಚಾರಣೇಲಿ ಬಂದ ಸಂಗತಿ ನೋಡಿ: ಮೂವರ ಬಯ್ಯರ್‌ಗಳೂ ಇಲ್ಲದ ಹರಾಜಿಗೆ ಇವರಲ್ಲಿ ಯಾರೂ ಹೋಗ್ತಿರಲಿಲ್ಲ. ಹೋದಮೇಲೆ ಮೂವರ ಮೇಲ್ಮಿತಿಯೂ ಹೆಚ್ಚುಕಮ್ಮಿ ಒಂದೇ. ಕಾಗದದ ಮೇಲೆ ಸಹಿ ಮಾಡಿದ ಒಪ್ಪಂದ ಇರಲೇಬೇಕಾಗಿಲ್ಲ, ನಡೆದುಕೊಂಡ ರೀತಿಯೇ ಸಾಕ್ಷಿ ಆಗಬಹುದು ಅಂತ ಕೋರ್ಟು ಹೇಳ್ತು. ಅಂದ್ರೆ ಕಂಪನಿ ಸಂಖ್ಯೆ ಜಾಸ್ತಿ ಮಾಡಿದ್ರೆ ಸಾಲದು. ಅವರು ದಿನಾ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೊಳ್ಳೋ ಏರ್ಪಾಡು ಹಾಗೇ ಇದ್ರೆ ಮೂವರು ಒಬ್ಬನಂತೆ ಆಗಬಹುದು. ನಮ್ಮ ದೇಶದಲ್ಲೂ 2002ರ ಸ್ಪರ್ಧಾ ಕಾಯ್ದೆ ಪ್ರಕಾರ ಹರಾಜಿನಲ್ಲಿ ಕೊಳ್ಳೋರು ಕೂಡಿಕೊಳ್ಳೋದು ನಿಷಿದ್ಧ.

ಇನ್ನು ನಮ್ಮ ಮನೆ ಅಂಗಳ. 1975ರಲ್ಲಿ ತಂಬಾಕು ಮಂಡಳಿ ಕಾಯ್ದೆ ಆಯ್ತು, 1976ರ ಜನವರಿ 1ರಿಂದ ಗುಂಟೂರಿನಲ್ಲಿ ಮಂಡಳಿ ಕೆಲಸ ಶುರು ಮಾಡ್ತು. ಅದಕ್ಕೂ ಮೊದಲು, ಆಮೇಲೆ ಕೆಲವು ವರ್ಷವೂ, ಸೊಪ್ಪು ತಗೊಂಡು ಕಂಪನಿ ಡಿಪೋ, ಇಲ್ಲಾ ದಲ್ಲಾಳಿ ಬಾಗಿಲಿಗೆ ಹೋಗಬೇಕಿತ್ತು. ಗ್ರೇಡು ಹೇಳೋನೂ ಅವನೇ, ದರ ಹೇಳೋನೂ ಅವನೇ. ಹರಾಜು ಪದ್ಧತಿ ಕರ್ನಾಟಕಕ್ಕೆ ಬಂದದ್ದು 1984ರಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮೊದಲು. ಕೊಳ್ಳೋರನ್ನೆಲ್ಲಾ ಒಂದೇ ಸಾಲಿನ ಮುಂದೆ ನಿಲ್ಲಿಸಿದ್ದು, ದರ ಒಪ್ಪದಿದ್ರೆ ಬೇಡ ಅನ್ನೋ ಹಕ್ಕು ರೈತನಿಗೆ ಸಿಕ್ಕಿದ್ದು ಸಣ್ಣ ವಿಚಾರ ಅಲ್ಲ.

ಆಮೇಲೆ ಬಾಯಿ ಕೂಗು ಹೋಗಿ ಇ-ಹರಾಜು ಬಂತು, ಕೈಯಲ್ಲಿರೋ ಯಂತ್ರದಲ್ಲಿ ದರ ಒತ್ತೋದು. ಇದಕ್ಕೂ ಆ ಶಾಸ್ತ್ರದಲ್ಲಿ ಕಾರಣ ಇದೆ. ಬಾಯಲ್ಲಿ ಕೂಗೋ ಹರಾಜಿನಲ್ಲಿ ಯಾರು ಏರಿಸಿದ ಅಂತ ಪಕ್ಕದೋನಿಗೆ ತಕ್ಷಣ ಗೊತ್ತಾಗುತ್ತೆ, ಮುಂದಿನ ಬೇಲಿಗೇ ಮುಯ್ಯಿ ತೀರಿಸ್ತಾನೆ. ಆ ಭಯಕ್ಕೇ ಯಾರೂ ಏರಿಸಲ್ಲ. ಒಬ್ಬ ಏನು ಮಾಡಿದ ಅಂತ ಇನ್ನೊಬ್ಬನಿಗೆ ಕಾಣದಷ್ಟೂ ಕೂಟ ಕಟ್ಟೋದು ಕಷ್ಟ. ಹರಾಜು ಹೇಗೆ ನಡೆಸಬೇಕು ಅನ್ನೋ ಅಧ್ಯಯನಕ್ಕೇ 2020ರಲ್ಲಿ ಮಿಲ್‌ಗ್ರಾಮ್, ವಿಲ್ಸನ್ ಇಬ್ಬರಿಗೆ ನೊಬೆಲ್ ಕೊಟ್ರು.

ಹೊಸಬ ಒಬ್ಬ ಒಳಗೆ ಬಂದ್ರೂ ಆಟ ಬದಲಾಗುತ್ತೆ. 2020ರಲ್ಲಿ ಆಂಧ್ರದಲ್ಲಿ ದರ ಕುಸಿದಾಗ ಅಲ್ಲಿನ ಸರ್ಕಾರ ಮಾರ್ಕ್‌ಫೆಡ್ ಸಂಸ್ಥೆಯನ್ನೇ ಹರಾಜಿಗೆ ಇಳಿಸಿತು. ಅಂಥವನು ಎಲ್ಲಾ ಕೊಳ್ಳಬೇಕಾಗಿಲ್ಲ. ಇದಕ್ಕಿಂತ ಕೆಳಗೆ ಹೋದ್ರೆ ನಾನು ಎತ್ಕೋತೀನಿ ಅಂತ ನಿಂತಿದ್ರೆ ಸಾಕು, ಉಳಿದೋರು 210ಕ್ಕೆ ಸುಮ್ಮನಾಗೋಕೆ ಹಿಂದೆಮುಂದೆ ನೋಡ್ತಾರೆ. ನಮ್ಮ ಮಾರುಕಟ್ಟೆಗೂ ಇಂಥ ಒಬ್ಬ ಬೇಕು ಅಂತ ಕೇಳೋದ್ರಲ್ಲಿ ನ್ಯಾಯ ಇದೆ.

ಆದ್ರೆ ಬರೀ ಅವರ ಆಟ ಹೇಳಿ ನಮ್ಮದು ಬಿಟ್ರೆ ಆಗಲ್ಲ. ನಾವೂ ಆಡ್ತಾ ಇದೀವಿ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಮಂಡಳಿ ನಿಗದಿ ಮಾಡ್ತಿರೋದು ಸುಮಾರು 10 ಕೋಟಿ ಕೆ.ಜಿ. ಅದನ್ನ ಬ್ಯಾರನ್ ಲೆಕ್ಕದಲ್ಲಿ ನಮಗೆಲ್ಲಾ ಹಂಚುತ್ತೆ. ಸರ್ಕಾರದ ಕಿರಿಕಿರಿ ಅಂತ ಬಯ್ಕೋತೀವಿ. ಆದ್ರೆ ಚದುರಿ ಹೋಗಿರೋ ಸಾವಿರಾರು ಬೆಳೆಗಾರರ ಮಧ್ಯೆ ಇರೋ ಒಪ್ಪಂದ ಅದೊಂದೇ. ಬಯ್ಯರ್‌ಗಳು ನಾಲ್ಕಾರು ಜನ, ಕಣ್ಣಲ್ಲೇ ಮಾತಾಡ್ಕೋಬಹುದು. ನಮಗೆ ಆ ಅನುಕೂಲ ಇಲ್ಲ. ಪಿರಿಯಾಪಟ್ಟಣದೋರು ಎಷ್ಟು ನೆಟ್ಟರು ಅಂತ ಕೋಟೆಯೋರಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಒಬ್ಬೊಬ್ಬರೂ ಹಾಕೋ ಲೆಕ್ಕ ಹೀಗಿರುತ್ತೆ: "ನಾನೊಬ್ಬ ಅರ್ಧ ಎಕರೆ ಜಾಸ್ತಿ ನೆಟ್ರೆ ದರ ಬೀಳುತ್ತಾ?" ಬೀಳಲ್ಲ, ನಿಜ. ಎಲ್ಲರೂ ಹಾಗೇ ಅಂದುಕೊಂಡ್ರೆ ಬೀಳುತ್ತೆ, ಅದೂ ನಿಜ. ಕೋಟಾ ಮೀರಿದ್ದಕ್ಕೆ ದಂಡ ಇದೆ. ಆದ್ರೆ ಕೆಲವು ವರ್ಷ ದಂಡ ಮನ್ನಾ ಆಯ್ತು. ಮನ್ನಾ ಆದಾಗ ನಮಗೆಲ್ಲಾ ಸಂತೋಷವೇ. ಆದ್ರೆ ನಿಯಮ ಪಾಲಿಸಿ ಕಮ್ಮಿ ನೆಟ್ಟೋನು ಅವತ್ತು ದಡ್ಡ ಆದ. ಮುಂದಿನ ವರ್ಷ ಅವನೂ ಜಾಸ್ತಿ ನೆಡ್ತಾನೆ. ಹೀಗೆ ಇರೋ ಒಂದು ಒಪ್ಪಂದವೂ ಸಡಿಲ ಆಗುತ್ತೆ.

ದೂರದ ಆಟಗಾರರೂ ಇದಾರೆ. ಜಿಂಬಾಬ್ವೆ 2000ದಲ್ಲಿ ಸುಮಾರು 23 ಕೋಟಿ ಕೆ.ಜಿ. ಬೆಳೀತಿತ್ತು. ಅಲ್ಲಿ ಜಮೀನಿನ ಗಲಾಟೆ ಆಗಿ 2008ರ ಹೊತ್ತಿಗೆ 5 ಕೋಟಿಗೂ ಕೆಳಗೆ ಬಿತ್ತು. ಅಲ್ಲಿ ಸೊಪ್ಪು ಸಿಗದ ಕೊಳ್ಳೋರು ಬೇರೆ ದೇಶ ಹುಡುಕಿದ್ರು. 2023ರಲ್ಲಿ ಅವರು 29 ಕೋಟಿ ದಾಟಿದ್ರು. ನಮ್ಮ ಸೊಪ್ಪು ಬಹುಪಾಲು ಹೊರದೇಶಕ್ಕೆ ಹೋಗೋದು. ಅಲ್ಲಿ ಮಳೆ ಚೆನ್ನಾಗಾದ್ರೆ ಇಲ್ಲಿ ನಮ್ಮ ಬೇಲಿನ ಮುಂದೆ ನಿಂತೋನಿಗೆ ಗಡಿಬಿಡಿ ಇರಲ್ಲ. ಹೋದ ವರ್ಷದ ಒಳ್ಳೆ ದರ ನೋಡಿ ಈ ವರ್ಷ ಜಾಸ್ತಿ ನೆಡೋದು ಎಷ್ಟು ಅಪಾಯ ಅಂತ ತಿಳೀಬೇಕಾದ್ರೆ ಆಂಧ್ರದ ಬರ್ಲಿ ನೋಡಿ. ಒಳ್ಳೆ ದರ ಕಂಡು ರೈತರು ವಿಪರೀತ ಬೆಳೆದ್ರು, 2025ರಲ್ಲಿ ಕೊಳ್ಳೋರು ಹಿಂದೆ ಸರಿದ್ರು, ಮತ್ತೆ ಮಾರ್ಕ್‌ಫೆಡ್ಡೇ ಬಂದು ಕೊಳ್ಳಬೇಕಾಯ್ತು. ಆ ಬರ್ಲಿಗೆ ನಮ್ಮ ವರ್ಜೀನಿಯಾಕ್ಕೆ ಇರೋ ಹಾಗೆ ಮಂಡಳಿ ಹರಾಜಿನ ಆಸರೆ ಇರಲಿಲ್ಲ ಅನ್ನೋದು ನೆನಪಿರಲಿ.

ನನಗೆ ಅನ್ನಿಸೋದು ಇಷ್ಟು. ಕೆಂಟಕಿಯೋರ ಹಾಗೆ ಬಲವಂತದಿಂದ ಒಗ್ಗಟ್ಟು ಉಳಿಯಲ್ಲ. ಮುಯ್ಯಾಳು ನಡೆದದ್ದು ಯಾರು ಬಂದ್ರು, ಯಾರು ಬರಲಿಲ್ಲ ಅನ್ನೋದು ಎಲ್ಲರ ಕಣ್ಣಿಗೆ ಕಾಣ್ತಿದ್ದಕ್ಕೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಊರೂರಿಗೆ ಎಷ್ಟು ಬ್ಯಾರನ್, ಎಷ್ಟು ಎಕರೆ ನಾಟಿ ಅಂತ ಜೂನ್ ತಿಂಗಳೊಳಗೆ ನಾವೇ ಪಟ್ಟಿ ಮಾಡಿ ಹಂಚಿಕೊಂಡ್ರೆ ಅರ್ಧ ಕೆಲಸ ಆಯ್ತು. ಹರಾಜಿನ ಮೊದಲ ವಾರ ಯಾರಿಗೆ ಸಾಲದ ಅವಸರ ಇಲ್ವೋ ಅವರು ಸ್ವಲ್ಪ ತಡೆದು ಬೇಲು ತಂದ್ರೆ, ಅವಸರ ಇರೋರಿಗೂ ಒಂದೆರಡು ರೂಪಾಯಿ ಹೆಚ್ಚು ಸಿಗಬಹುದು. ಮಂಡಳಿ ಹತ್ರ ಹೋಗಿ ಇನ್ನೊಬ್ಬ ಖರೀದಿದಾರ ಬೇಕು ಅಂತ ಕೇಳುವಾಗ ಕೈಯಲ್ಲಿ ಆ ಪಟ್ಟಿ ಇದ್ರೆ ನಮ್ಮ ಮಾತಿಗೂ ತೂಕ ಬರುತ್ತೆ.

ಮಡಿ ಹಾಕೋ ಮೊದಲು ನಿಮ್ಮ ಬ್ಯಾರನ್ ಲೆಕ್ಕ ಒಂದು ಸಲ ನೋಡ್ಕೊಳಿ, ಅಕ್ಕಪಕ್ಕದೋರನ್ನೂ ಕೇಳಿ. ನಮ್ಮ ಊರಿನ ಪಟ್ಟಿ ನಾನು ಶುರು ಮಾಡ್ತಿದೀನಿ. ನಿಮ್ಮೂರಲ್ಲಿ ಯಾರು ಮಾಡ್ತೀರಿ, ತಿಳಿಸಿ.