ಬಾಯ್ಲರ್ ನೀರಿನ ಗುಣಮಟ್ಟ

ಬ್ರಿಟನ್, ಜರ್ಮನಿಯಂಥ ಚಳಿನಾಡುಗಳ ಮನೆಗಳಲ್ಲಿ ಬಾಯ್ಲರ್ ಕಾಯಿಸಿದ ನೀರು ಪೈಪು, ರೇಡಿಯೇಟರ್‌ಗಳಲ್ಲಿ ಸುತ್ತಿ ಕೋಣೆಗಳನ್ನು ಬೆಚ್ಚಗಿಡುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುವುದರಿಂದ, ನೀರು ಕೆಟ್ಟರೆ ಬಾಯ್ಲರೂ ಕೆಡುತ್ತದೆ.

ಮುಖ್ಯ ಶತ್ರು ಆಮ್ಲಜನಕ. ಮೊದಲು ತುಂಬಿದ ನೀರಿನಲ್ಲಿ ಕರಗಿದ್ದ ಆಮ್ಲಜನಕ ಉಕ್ಕಿನೊಡನೆ ವರ್ತಿಸಿ ಬೇಗ ಮುಗಿಯುತ್ತದೆ. ಸೋರಿಕೆಯಿಂದಾಗಿ ಆಗಾಗ ಹೊಸ ನೀರು ಸೇರಿಸಿದರೆ ತುಕ್ಕು ನಿಲ್ಲುವುದೇ ಇಲ್ಲ. ಆಗ ಹುಟ್ಟುವ ಮ್ಯಾಗ್ನಟೈಟ್ ಎಂಬ ಕಪ್ಪು ಕೆಸರು ರೇಡಿಯೇಟರ್‌ನ ತಳದಲ್ಲಿ ಕೂತು ಆ ಭಾಗ ಬಿಸಿಯಾಗದಂತೆ ಮಾಡುತ್ತದೆ. (ಮೇಲ್ಭಾಗ ತಣ್ಣಗಿದ್ದರೆ ಗಾಳಿಯೋ ತುಕ್ಕಿನಿಂದ ಹುಟ್ಟಿದ ಹೈಡ್ರೋಜನ್ನೋ ಸೇರಿಕೊಂಡಿರುತ್ತದೆ.) ಈ ಕೆಸರು ಅಯಸ್ಕಾಂತಕ್ಕೆ ಅಂಟುವುದರಿಂದ, ಬಾಯ್ಲರ್‌ಗೆ ನೀರು ಮರಳುವ ಪೈಪಿನಲ್ಲಿ ಅಯಸ್ಕಾಂತದ ಫಿಲ್ಟರ್ ಕೂರಿಸುತ್ತಾರೆ.

ಗಡಸು ನೀರಿನ ಸುಣ್ಣ ಶಾಖ ವಿನಿಮಯಕದೊಳಗೆ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ.

ಬ್ರಿಟನ್ನಿನ ಬಿಎಸ್ 7593 ಮಾನಕವು ವ್ಯವಸ್ಥೆಯನ್ನು ತೊಳೆದು, ತುಕ್ಕುನಿರೋಧಕ ಹಾಕಿ, ವರ್ಷಕ್ಕೊಮ್ಮೆ ನೀರನ್ನು ಪರೀಕ್ಷಿಸಲು ಹೇಳುತ್ತದೆ. ಜರ್ಮನಿಯ ವಿಡಿಐ 2035ರ ಒಲವು ರಾಸಾಯನಿಕಕ್ಕಿಂತ ಲವಣ ತೆಗೆದ ನೀರಿನತ್ತ. ಅದರ ಪ್ರಕಾರ ಪಿಎಚ್ 8.2ರಿಂದ 10ರೊಳಗಿರಬೇಕು, ಅಲ್ಯೂಮಿನಿಯಂ ಭಾಗಗಳಿದ್ದರೆ 9 ದಾಟಬಾರದು.