ಎರೆ ಸೀಮೆಯಲ್ಲಿ ಸಮುದ್ರದ ಪಾಠ



ಕಳೆದ ವಾರ ಮೊಮ್ಮಗಳು ಒಂದು ಪ್ರಶ್ನೆ ಹಿಡಿದುಕೊಂಡು ಬಂದಳು. ಶಾಲೆಯಲ್ಲಿ ಸಾಗರ ಸಂರಕ್ಷಣೆಯ ಬಗ್ಗೆ ಯೋಜನಾಕಾರ್ಯ ಕೊಟ್ಟಿದ್ದಾರಂತೆ. "ಅಜ್ಜಾ, ಸಮುದ್ರದ ಬಗ್ಗೆ ಕನ್ನಡದಾಗ ಓದಾಕ ಏನೈತಿ?" ಎಂದಳು. ಮೂವತ್ತಮೂರು ವರ್ಷ ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಲಿನ ಶಾಲೆಗಳಲ್ಲಿ ವಿಜ್ಞಾನವನ್ನೂ ಭೂಗೋಳವನ್ನೂ ಕಲಿಸಿದ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹಳೆಯ ಟ್ರಂಕು ತೆಗೆದು ಕುಳಿತೆ. ಅದರಲ್ಲಿ ಸಿಕ್ಕಿದ್ದೂ ಸಿಗದಿದ್ದುದೂ ಸೇರಿ ಈ ಬರಹವಾಗಿದೆ.

ನಮ್ಮ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ರೋಣದಿಂದ ಕಾರವಾರಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ನಡುವೆ ಸಹ್ಯಾದ್ರಿ ಅಡ್ಡ. ಆದರೆ ನಮ್ಮ ಅಜ್ಜಂದಿರು ಈ ಎರೆ ಹೊಲಗಳಲ್ಲಿ ಬೆಳೆದ ಹತ್ತಿಗೆ ವ್ಯಾಪಾರದ ಹೆಸರು 'ಕುಮಟಾ ಹತ್ತಿ' ಎಂದಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ ಜಿಲ್ಲೆಯ ಹತ್ತಿ ಎತ್ತುಗಳ ಮೇಲೆ, ಬಂಡಿಗಳ ಮೇಲೆ ಘಟ್ಟ ಇಳಿದು ಆ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಆ ಹೆಸರು ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದುದರ ಹಿಂದೆ ಇದೇ ಹತ್ತಿ ಇತ್ತು, ಕಾರವಾರದ ಬಂದರಿನ ಆಸೆಯೂ ಇತ್ತು. 1880ರ ದಶಕದಲ್ಲಿ ರೈಲು ಬಂದು, ಮುಂದೆ ಮುರ್ಮಗೋವಾ ಬಂದರಿಗೆ ಹಳಿ ಕೂಡಿದ ಮೇಲೆ ಹತ್ತಿ ಹೊಳೆಆಲೂರಿನಲ್ಲಿಯೇ ಗಾಡಿ ಹತ್ತತೊಡಗಿತು. ಕುಮಟೆಯ ವೈಭವ ಇಳಿಯಿತು. ಹೋಗುವಾಗ ಹತ್ತಿ ಹೊತ್ತ ಎತ್ತುಗಳು ಬರುವಾಗ ಉಪ್ಪು ತರುತ್ತಿದ್ದವು. ನಮ್ಮ ಅಂಬಲಿಯಲ್ಲಿ ಸಮುದ್ರವಿತ್ತು, ಪಾಠದಲ್ಲಿ ಮಾತ್ರ ಇರಲಿಲ್ಲ.

ನಾನು 1974ರಲ್ಲಿ ಕೆಲಸಕ್ಕೆ ಸೇರಿದಾಗ ಶಾಲೆಯಲ್ಲಿ ಸಮುದ್ರ ಕಲಿಸಲು ಇದ್ದ ಸಾಮಗ್ರಿ ಎರಡೇ: ಕಾಲು ಮುರಿದ ಒಂದು ಭೂಗೋಲ, ನೀಲಿ ಬಣ್ಣ ಮಾಸಿ ಬೂದಿಯಾಗಿದ್ದ ಒಂದು ಗೋಡೆ ನಕಾಶೆ. ಮೂರನೆಯದು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿತ್ತು. ಅದು ಶಿವರಾಮ ಕಾರಂತರ 'ಬಾಲಪ್ರಪಂಚ'. 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಆ ವಿಶ್ವಕೋಶವನ್ನು ಕಡಲತಡಿಯ ಕೋಟದಲ್ಲಿ ಹುಟ್ಟಿದವರೊಬ್ಬರು ಬಹುಮಟ್ಟಿಗೆ ಒಬ್ಬರೇ ಬರೆದರೆಂಬುದು ನನಗೆ ಇಂದಿಗೂ ವಿಸ್ಮಯ. 1959ರಿಂದ 1964ರವರೆಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಅವರು ಕೊಟ್ಟರು. ಅದು ನಮ್ಮ ಶಾಲೆಗೆ ಬರಲೇ ಇಲ್ಲ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾದ ಮೇಲೆ 'ಬಾಲ ವಿಜ್ಞಾನ' ಪತ್ರಿಕೆ ಅಂಚೆಯಲ್ಲಿ ಬರತೊಡಗಿತು. ಅದರ ಹಳೆಯ ಸಂಚಿಕೆಗಳೇ ಟ್ರಂಕಿನ ಅರ್ಧಭಾಗ.

ಉಳಿದುದನ್ನು ನಾವೇ ಮಾಡಿಕೊಳ್ಳಬೇಕಿತ್ತು. ಒಂದು ಲೀಟರು ನೀರಿಗೆ 35 ಗ್ರಾಂ ಉಪ್ಪು ಬೆರೆಸಿ "ಇದೇ ಸಮುದ್ರ" ಎಂದು ತರಗತಿಯಲ್ಲಿ ತೋರಿಸುತ್ತಿದ್ದೆ. ಒಮ್ಮೆ, ಸಮುದ್ರದ ನೀರಿನಲ್ಲಿ ಕೋಳಿಮೊಟ್ಟೆ ತೇಲುತ್ತದೆ ಎಂದು ಧೈರ್ಯದಿಂದ ಹೇಳಿಯೂ ಬಿಟ್ಟೆ. ಒಬ್ಬ ಹುಡುಗ ಮರುದಿನ ಮನೆಯಿಂದ ಮೊಟ್ಟೆ ತಂದು ನನ್ನ 'ಸಮುದ್ರ'ದಲ್ಲಿ ಬಿಟ್ಟ. ಮೊಟ್ಟೆ ನೆಟ್ಟಗೆ ತಳಕ್ಕೆ ಹೋಯಿತು. ತಾಜಾ ಮೊಟ್ಟೆ ತೇಲಬೇಕಾದರೆ ಸಮುದ್ರಕ್ಕಿರುವುದಕ್ಕಿಂತ ಬಹಳ ಹೆಚ್ಚು ಉಪ್ಪು ಬೇಕೆಂದು ನಾನು ಕಲಿತದ್ದು ಆ ದಿನ. ಆ ಹುಡುಗ ಇದನ್ನು ಓದುತ್ತಿದ್ದರೆ ನಗುತ್ತಿರಬೇಕು.

1986ರ ಪ್ರವಾಸವನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಸಾರಿಗೆ ಬಸ್ಸು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಅರ್ಧ ಮಂದಿಗೆ ವಾಂತಿ. ಕಾರವಾರದಲ್ಲಿ ಇಳಿದೊಡನೆ ಒಬ್ಬಳು ಹುಡುಗಿ ನೀರನ್ನು ನೋಡಿ, "ಸರ್, ಇದಕ್ಕ ದಂಡಿನ ಇಲ್ಲಲ್ರೀ" ಎಂದು ಅಳತೊಡಗಿದಳು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಅಲ್ಲಿಯ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಮಗ್ಗುಲಲ್ಲಿ. ಧಾರವಾಡದ ವಿಶ್ವವಿದ್ಯಾಲಯಕ್ಕೆ ಸಮುದ್ರದ ದಂಡೆಯಲ್ಲಿ ಒಂದು ಮನೆ ಇದೆಯೆಂಬುದೇ ನಮ್ಮ ಮಕ್ಕಳಿಗೆ ಹೆಮ್ಮೆಯ ವಿಷಯವಾಗಿತ್ತು.

ಆ ಪ್ರವಾಸದಲ್ಲಿ ನಾನೊಂದು ತಪ್ಪು ಮಾಡಿದೆ. ಶಾಲೆಗೆ 'ಸಮುದ್ರ ಸಂಗ್ರಹಾಲಯ' ಮಾಡುವ ಉತ್ಸಾಹದಲ್ಲಿ ಮಕ್ಕಳಿಗೆ ಶಂಖ, ಚಿಪ್ಪುಗಳನ್ನು ಆರಿಸಲು ಹೇಳಿದೆ. ಬಂಡೆಗಳ ಸಂದಿಯಲ್ಲಿ ಜೀವಂತವಾಗಿದ್ದ ನಕ್ಷತ್ರಮೀನುಗಳನ್ನೂ ಎತ್ತಿ ತಂದೆವು. ಒಣಗಿಸಿದ ಒಂದು ಕಡಲಕುದುರೆಯನ್ನು ದುಡ್ಡು ಕೊಟ್ಟು ಕೊಂಡೆ. ಮರಳಿ ಬರುವಾಗ ಗದಗ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ ಕೂರಲಾಗದಷ್ಟು ದುರ್ವಾಸನೆ. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಕಡಲಕುದುರೆ, ಹವಳ, ಕೆಲವು ಬಗೆಯ ಶಂಖ ಮತ್ತು ಕವಡೆಗಳು ಸೇರಿದಾಗ ಆ ಗಾಜಿನ ಪೆಟ್ಟಿಗೆಯ ಮುಂದೆ ನಾಚಿ ನಿಂತೆ. ನಕ್ಷತ್ರಮೀನನ್ನು ಕೊಂದು ನಕ್ಷತ್ರಮೀನಿನ ಪಾಠ ಹೇಳಿದ್ದೆ.

ಹತ್ತಿರದಲ್ಲಿಯೇ ಯಾರನ್ನೂ ಕೊಲ್ಲದ ಸಾಮಗ್ರಿ ಇತ್ತೆಂದು ತಿಳಿದುದು ನಿವೃತ್ತಿಯ ಸಮೀಪ, ಕಾಲೇಜಿನ ಭೂವಿಜ್ಞಾನದ ಸ್ನೇಹಿತರೊಬ್ಬರಿಂದ. ಮಲಪ್ರಭೆಯ ಆಚೆ ಬಾಗಲಕೋಟೆ, ಲೋಕಾಪುರದ ಕಡೆಯ ಸುಣ್ಣಕಲ್ಲು ಬಹು ಪ್ರಾಚೀನವಾದ ಆಳವಿಲ್ಲದ ಸಮುದ್ರದ ತಳದಲ್ಲಿ ಕೂಡಿದ್ದು. ಅದರ ವಯಸ್ಸು ನೂರು ಕೋಟಿ ವರ್ಷಗಳಿಗೂ ಹೆಚ್ಚು. ಅದರಲ್ಲಿ ಈರುಳ್ಳಿ ಕೊಯ್ದಂತೆ ಪದರ ಪದರವಾದ ಗುರುತುಗಳಿವೆ, ಅವಕ್ಕೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಬಿಸಿಲುಂಡು ಬದುಕುವ ಸೂಕ್ಷ್ಮಜೀವಿಗಳ ಚಾಪೆಯ ಮೇಲೆ ಕೆಸರು ಕೂಡಿ, ಅದರ ಮೇಲೆ ಮತ್ತೆ ಜೀವಿಗಳು ಬೆಳೆದು ಆದವು. ಅಂಥ ಜೀವಿಗಳೇ ಈ ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿದವು. ಗಜೇಂದ್ರಗಡದಿಂದ ಅರ್ಧ ದಿನದ ಪ್ರವಾಸ ಸಾಕಾಗಿತ್ತು. ನಾನು ಮಕ್ಕಳನ್ನು ಘಟ್ಟ ಇಳಿಸಿ ವಾಂತಿ ಮಾಡಿಸಿದೆ!

ಇನ್ನು, ಬರೆಯಲು ಸ್ವಲ್ಪ ಅಳುಕುವ ಮಾತು. 1990ರ ದಶಕದಲ್ಲಿ ನಾನು ಪ್ರಬಂಧಕ್ಕೆ ಕೊಡುತ್ತಿದ್ದ ಒಂದು ವಿಷಯ, 'ಸಮುದ್ರಕ್ಕೆ ಹರಿದು ಪೋಲಾಗುವ ನೀರು'. ನಮ್ಮಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಸಿಡಿದೆದ್ದುದು ಮಲಪ್ರಭೆಯ ನೀರು ಮತ್ತು ಕರದ ಸಂಕಟಕ್ಕಾಗಿ. 2015ರ ಜುಲೈಯಲ್ಲಿ ಅದೇ ನರಗುಂದದಲ್ಲಿ ಮಹದಾಯಿಗಾಗಿ ಧರಣಿ ಆರಂಭವಾದಾಗ ನಿವೃತ್ತನಾದ ನಾನೂ ಹೋಗಿ ಕುಳಿತವನು. 2018ರಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ ಮತ್ತು ಬಂಡೂರಿಗೆ ದೊರೆತುದು 3.9. ಕುಡಿಯುವ ನೀರಿಗಾಗಿ ಕೊಡ ಹಿಡಿದು ನಿಂತ ತಾಯಂದಿರನ್ನು ಕಂಡ ಯಾರೂ ಆ ಬೇಡಿಕೆಯನ್ನು ಅನ್ಯಾಯ ಎನ್ನಲಾರರು. ನಾನಂತೂ ಎನ್ನುವುದಿಲ್ಲ.

ಆದರೆ ಧರಣಿಯ ದಿನಗಳಲ್ಲಿ ಕರಾವಳಿಯಲ್ಲಿ ಮೀನುಗಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದ. "ಗುರುಗಳೇ, ಆ ಪ್ರಬಂಧಕ್ಕೆ ನೀವು ನನಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದಿರಿ. ಅದರಲ್ಲಿ ಬರೆದುದು ಸರಿಯಲ್ಲವೆಂದು ಇಲ್ಲಿ ದಿನಾಲೂ ಕಾಣುತ್ತಿದ್ದೇನೆ" ಎಂದಿತ್ತು. ಅವನ ವಿವರಣೆ ಹೀಗಿತ್ತು: ನದಿ ತರುವ ಮಣ್ಣು ಮತ್ತು ಪೋಷಕಾಂಶಗಳೇ ಅಳಿವೆಯ ಸೂಕ್ಷ್ಮ ಸಸ್ಯಗಳಿಗೆ ಗೊಬ್ಬರ. ಸಿಗಡಿ ಮತ್ತು ಅನೇಕ ಮೀನುಗಳ ಮರಿಗಳು ಬೆಳೆಯುವುದು ಸಿಹಿನೀರೂ ಉಪ್ಪುನೀರೂ ಬೆರೆಯುವ ಆ ಜಾಗದಲ್ಲಿಯೇ. ಮಹದಾಯಿ ಗೋವೆಯಲ್ಲಿ ಮಾಂಡೋವಿಯಾಗುತ್ತದೆ. ಅಲ್ಲಿ ಸಮುದ್ರದ ಉಬ್ಬರದ ಪ್ರಭಾವ ಸುಮಾರು 50 ಕಿಲೋಮೀಟರು ಒಳಗಿನವರೆಗೆ ಕಾಣುತ್ತದೆ. 1966ರಲ್ಲಿ ಸ್ಥಾಪನೆಯಾದ, ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಅದೇ ಅಳಿವೆಯನ್ನು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ.

ಆ ಪತ್ರ ಓದಿ ಎರಡು ದಿನ ನನಗೆ ಸಿಟ್ಟು ಇತ್ತು. ಆಮೇಲೆ ನಕಾಶೆ ಹರವಿದೆ. ಖಾನಾಪುರ ತಾಲೂಕಿನ ಕಣಕುಂಬಿಯ ಆಸುಪಾಸಿನಲ್ಲಿ ಬಿದ್ದ ಮಳೆ ಒಂದು ಇಳಿಜಾರಿನಲ್ಲಿ ಮಹದಾಯಿ ಕೂಡಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಇಳಿಜಾರಿನಲ್ಲಿ ಮಲಪ್ರಭೆಯಾಗಿ ನಮ್ಮ ಕೊಣ್ಣೂರು, ಹೊಳೆಆಲೂರುಗಳ ಮಗ್ಗುಲಿಂದ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆ ಸೇರಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೋಗುತ್ತದೆ ಎಂದೆನಲ್ಲ, 2001ರಿಂದ 2004ರವರೆಗಿನ ಬರದ ವರ್ಷಗಳಲ್ಲಿ ಕೃಷ್ಣೆಯಿಂದ ಸಮುದ್ರ ಮುಟ್ಟಿದ ನೀರು ಅತ್ಯಲ್ಪ. ಒಂದು ಹನಿಯನ್ನೂ ಸಮುದ್ರಕ್ಕೆ ಪೋಲಾಗಲು ಬಿಡದ ನದಿ ಹೇಗಿರುತ್ತದೆಂಬುದಕ್ಕೆ ಉದಾಹರಣೆ ನಮ್ಮದೇ ನದಿಯಲ್ಲಿತ್ತು. ನಮ್ಮ ಎರೆ ಹೊಲಕ್ಕೆ ಬೀಳುವ ಅಷ್ಟಿಷ್ಟು ಮಳೆಯೂ ಆ ಸಮುದ್ರದಿಂದಲೇ ಎದ್ದುದು. ನಮಗೆ ನೀರು ಬೇಕೆಂಬುದು ನಿಜ. ಸಮುದ್ರಕ್ಕೆ ಹೋದುದು ವ್ಯರ್ಥವೆಂಬುದು ಸುಳ್ಳು. ಎರಡನ್ನೂ ಒಂದೇ ತರಗತಿಯಲ್ಲಿ ಹೇಳಬಹುದಿತ್ತು. ನಾನು ಹೇಳಲಿಲ್ಲ. ಆ ವಿಷಯದ ಮೇಲೆ ಒಂಬತ್ತು ಅಂಕ ಪಡೆದ ಉಳಿದವರಿಗೂ ಈ ಮಾತು ಸಲ್ಲುತ್ತದೆ.

ಮೊಮ್ಮಗಳ ಪ್ರಶ್ನೆಗೆ ಬರೋಣ. ಇಂದು ಸಾಮಗ್ರಿಗೆ ಕೊರತೆಯಿಲ್ಲ. 2021ರಿಂದ 2030ರವರೆಗಿನ ದಶಕವನ್ನು ವಿಶ್ವಸಂಸ್ಥೆ ಸಾಗರವಿಜ್ಞಾನಕ್ಕೆಂದು ಮೀಸಲಿಟ್ಟಿದೆ. ಯುನೆಸ್ಕೋದವರು ಶಿಕ್ಷಕರಿಗಾಗಿ ಕೈಪಿಡಿಗಳನ್ನು ಮಾಡಿದ್ದಾರೆ. ನಾನು ಕಂಡ ಮಟ್ಟಿಗೆ ಹೆಚ್ಚಿನವು ಇಂಗ್ಲಿಷಿನಲ್ಲಿ, ಮತ್ತು ಮನೆಯ ಬಾಗಿಲಲ್ಲಿಯೇ ಸಮುದ್ರವಿರುವ ಮಕ್ಕಳಿಗಾಗಿ. ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಸಾಗರ ಮಾಹಿತಿ ಕೇಂದ್ರ, ಇನ್‌ಕಾಯಿಸ್, ಮೀನುಗಾರರಿಗೆ ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಕನ್ನಡದಲ್ಲಿಯೂ ಕೊಡುತ್ತದೆ. 2004ರ ಸುನಾಮಿಯ ಅನಂತರ, 2007ರಿಂದ ಮುನ್ನೆಚ್ಚರಿಕೆ ಕೊಡುವ ಕೇಂದ್ರವೂ ಅಲ್ಲಿಯೇ ಇದೆ. ಅದರ ಅಲೆಗಳ ಸೂಚನೆಯನ್ನು ಒಂದು ವಾರ ದಿನಾಲೂ ಬರೆದಿಟ್ಟುಕೋ, ಜೊತೆಗೆ ನಮ್ಮೂರಿನ ಮಳೆಯನ್ನೂ ಬರೆದಿಡು ಎಂದು ಅವಳಿಗೆ ಹೇಳಿದ್ದೇನೆ. ಮನೆಯ ಬಚ್ಚಲ ನೀರು ಯಾವ ಹಳ್ಳ ಸೇರಿ ಎಲ್ಲಿಗೆ ಹೋಗುತ್ತದೆಂದು ನಕಾಶೆ ಬಿಡಿಸುತ್ತಿದ್ದಾಳೆ. ನಿನ್ನೆ ಸಂಜೆಗೆ ಕೂಡಲಸಂಗಮ ಮುಟ್ಟಿದ್ದಳು.

ಕೊನೆಗೆ ಒಂದು ವಿನಂತಿ. ಶಾಲೆಯ 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ಎರಡನೆಯದು ನನ್ನ ಕಾಲದಲ್ಲಿಯೇ ಕಾಣೆಯಾಯಿತು. ಬೀಗದ ಕೈ ನನ್ನ ಬಳಿಯೇ ಇತ್ತು, ಕೇಳಿದವರಿಗೆಲ್ಲ ಪುಸ್ತಕ ಕೊಡುತ್ತಿದ್ದೆ, ಬರೆದಿಟ್ಟುಕೊಳ್ಳುತ್ತಿರಲಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಮರಳಿಸಿ. ಯಾವ ವರ್ಷ ಒಯ್ದಿರಿ ಎಂದು ನಾನು ಕೇಳುವುದಿಲ್ಲ.