ವಿದೇಶಿ ವೈಫೈ ರೂಟರ್‌ಗಳಿಗೆ ನಿಷೇಧ ಬೀಳುತ್ತಾ? ಅಮೆರಿಕದ ಆತಂಕವೇನು, ಕರ್ನಾಟಕದಲ್ಲಿ 2017ರಲ್ಲಿ ಆಗಿದ್ದೇನು?

ಟಿವಿ ಹಿಂದೆಯೋ ಬಾಗಿಲ ಮೇಲೋ ದೀಪ ಮಿನುಗಿಸುತ್ತಾ ಕೂತಿರುವ ವೈಫೈ ರೂಟರ್ ನಮಗೆ ನೆನಪಾಗುವುದು ನೆಟ್ ಹೋದಾಗ ಮಾತ್ರ. ಆದರೆ ಅಮೆರಿಕದಲ್ಲಿ ಈ ಪುಟ್ಟ ಡಬ್ಬಿ ಈಗ ರಾಷ್ಟ್ರೀಯ ಭದ್ರತೆಯ ಚರ್ಚೆಗೆ ಬಂದಿದೆ. ಚೀನಾ ಮೂಲದ ರೂಟರ್‌ಗಳನ್ನು ನಿಷೇಧಿಸಬೇಕೆಂಬ ಒತ್ತಾಯ ಅಲ್ಲಿ ಜೋರಾಗಿದೆ. ಭಾರತದಲ್ಲೂ ಅಂಥದ್ದೇ ಕ್ರಮಕ್ಕೆ ಬೇಕಾದ ಕಾನೂನು ಸಿದ್ಧವಿದೆ. ಹಾಗಾದರೆ ನಿಮ್ಮ ಮನೆಯ ರೂಟರ್ ಬದಲಿಸಬೇಕೇ? ಉತ್ತರ ಅದು ಯಾವ ದೇಶದ್ದು ಎನ್ನುವುದಕ್ಕಿಂತ ಹೆಚ್ಚಾಗಿ ಎಷ್ಟು ಹಳೆಯದು, ಅದರ ಪಾಸ್‌ವರ್ಡ್ ಏನು ಎನ್ನುವುದರ ಮೇಲೆ ನಿಂತಿದೆ.

ಅಮೆರಿಕದಲ್ಲಿ ಶುರುವಾದದ್ದು ಹೇಗೆ?

2024ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸದರಾದ ಜಾನ್ ಮೂಲೆನಾರ್ ಮತ್ತು ಭಾರತ ಮೂಲದ ರಾಜಾ ಕೃಷ್ಣಮೂರ್ತಿ ಅಲ್ಲಿನ ವಾಣಿಜ್ಯ ಇಲಾಖೆಗೆ ಪತ್ರ ಬರೆದು, ಟಿಪಿ-ಲಿಂಕ್ ರೂಟರ್‌ಗಳ ಬಗ್ಗೆ ತನಿಖೆ ನಡೆಸುವಂತೆ ಕೋರಿದರು. ವಾಣಿಜ್ಯ, ರಕ್ಷಣೆ ಮತ್ತು ನ್ಯಾಯ ಇಲಾಖೆಗಳು ಪರಿಶೀಲನೆ ಆರಂಭಿಸಿವೆ ಎಂದು ಅದೇ ವರ್ಷ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತು. 2025ರ ಅಕ್ಟೋಬರ್ ಕೊನೆಯಲ್ಲಿ, ನಿಷೇಧದ ಪ್ರಸ್ತಾವಕ್ಕೆ ಹಲವು ಇಲಾಖೆಗಳ ಬೆಂಬಲ ಸಿಕ್ಕಿದೆ ಎಂದು ವಾಷಿಂಗ್ಟನ್ ಪೋಸ್ಟ್ ಬರೆಯಿತು.

ಟಿಪಿ-ಲಿಂಕ್ ಹುಟ್ಟಿದ್ದು 1996ರಲ್ಲಿ, ಚೀನಾದ ಶೆನ್‌ಝೆನ್‌ನಲ್ಲಿ. ಅಮೆರಿಕದ ಮನೆ ಮತ್ತು ಸಣ್ಣ ಕಚೇರಿಗಳ ರೂಟರ್ ಮಾರುಕಟ್ಟೆಯಲ್ಲಿ ಇದರ ಪಾಲು ಸುಮಾರು ಶೇ 65 ಎಂದು ಆ ವರದಿ ಹೇಳಿತ್ತು. ಈ ಲೆಕ್ಕವನ್ನು ಕಂಪನಿ ಒಪ್ಪುವುದಿಲ್ಲ. ತಾನು ಈಗ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮುಖ್ಯ ಕಚೇರಿ ಇರುವ ಪ್ರತ್ಯೇಕ ಸಂಸ್ಥೆ, ಚೀನಾದ ಕಂಪನಿಗೂ ತನಗೂ ಸಂಬಂಧವಿಲ್ಲ ಎಂಬುದು ಅದರ ವಾದ.

ಆತಂಕಕ್ಕೆ ಕಾರಣ ಇಲ್ಲದಿಲ್ಲ. 2017ರ ಚೀನಾ ಗುಪ್ತಚರ ಕಾನೂನಿನ ಪ್ರಕಾರ ಅಲ್ಲಿನ ಸಂಸ್ಥೆಗಳು ಸರ್ಕಾರದ ಗುಪ್ತಚರ ಕೆಲಸಕ್ಕೆ ಸಹಕರಿಸಲೇಬೇಕು. ಉತ್ಪನ್ನದಲ್ಲಿ ಭದ್ರತಾ ದೋಷ ಕಂಡರೆ 48 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವೂ 2021ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅಂದರೆ ಬಳಕೆದಾರರಿಗೆ ಗೊತ್ತಾಗುವ ಮೊದಲೇ ಸರ್ಕಾರಕ್ಕೆ ದೋಷ ಗೊತ್ತಿರಬಹುದು. ರೂಟರ್ ತಯಾರಕರು ಅಪ್‌ಡೇಟ್ ಕಳುಹಿಸುವ ದಾರಿಯಲ್ಲೇ ಬೇರೆ ಏನನ್ನಾದರೂ ಕಳುಹಿಸಬಹುದು ಎಂಬ ಭಯ ಬರುವುದು ಇಲ್ಲಿಂದಲೇ.

ರೂಟರ್ ಮೇಲೇ ಕಣ್ಣೇಕೆ?

ನಿಮ್ಮ ಮನೆಯ ಫೋನ್, ಟಿವಿ, ಲ್ಯಾಪ್‌ಟಾಪ್, ಸಿಸಿಟಿವಿ ಎಲ್ಲವೂ ಹೊರಜಗತ್ತಿಗೆ ಹೋಗುವುದು ರೂಟರ್ ಮೂಲಕ. ಇದು ವಠಾರದ ಒಂದೇ ಗೇಟ್ ಇದ್ದ ಹಾಗೆ. ಗೇಟ್ ಕಳ್ಳರ ಕೈಗೆ ಹೋದರೆ ವೆಬ್‌ಸೈಟ್ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಸೆಟ್ಟಿಂಗ್ ತಿದ್ದಿ, ನಿಮ್ಮನ್ನು ನಕಲಿ ಪುಟಕ್ಕೆ ಕಳುಹಿಸಬಹುದು. ಆದರೆ ದೊಡ್ಡ ಹ್ಯಾಕರ್‌ಗಳಿಗೆ ಹೆಚ್ಚಾಗಿ ಬೇಕಿರುವುದು ನಿಮ್ಮ ಡೇಟಾ ಅಲ್ಲ, ನಿಮ್ಮ ವಿಳಾಸ. ಸಾವಿರಾರು ಮನೆಗಳ ರೂಟರ್ ಹಿಂದೆ ಅಡಗಿ ದಾಳಿ ಮಾಡಿದರೆ ಅದು ಸಾಮಾನ್ಯ ಗ್ರಾಹಕರ ಸಂಪರ್ಕದಂತೆಯೇ ಕಾಣುತ್ತದೆ. ಟಿಪಿ-ಲಿಂಕ್ ರೂಟರ್‌ಗಳೇ ಹೆಚ್ಚಿದ್ದ ಇಂಥದ್ದೊಂದು ಜಾಲವನ್ನು ಚೀನಾ ಮೂಲದ ಹ್ಯಾಕರ್‌ಗಳು ಬಳಸುತ್ತಿದ್ದಾರೆ ಎಂದು 2024ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಎಚ್ಚರಿಸಿತ್ತು.

ಇಲ್ಲೊಂದು ತಿರುವು ಇದೆ. 'ವೋಲ್ಟ್ ಟೈಫೂನ್' ಎಂಬ ಚೀನಾ ಬೆಂಬಲಿತ ಗುಂಪು ಅಡಗಿಕೊಳ್ಳಲು ಬಳಸಿದ್ದ ರೂಟರ್ ಜಾಲವನ್ನು ಕೋರ್ಟ್ ಅನುಮತಿ ಪಡೆದು ಕೆಡವಿದ್ದಾಗಿ ಅಮೆರಿಕ 2024ರ ಜನವರಿ 31ರಂದು ಪ್ರಕಟಿಸಿತು. ಅದರಲ್ಲಿ ಸಿಕ್ಕಿದ ಬಹುಪಾಲು ರೂಟರ್‌ಗಳು ಸಿಸ್ಕೋ ಮತ್ತು ನೆಟ್‌ಗೇರ್‌ನವು. ಎರಡೂ ಅಮೆರಿಕದ್ದೇ ಕಂಪನಿಗಳು! ಆ ಮಾದರಿಗಳಿಗೆ ಕಂಪನಿಗಳು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದವು, ಜನ ಮಾತ್ರ ಬಳಸುತ್ತಲೇ ಇದ್ದರು. 2018ರ 'ವಿಪಿಎನ್‌ಫಿಲ್ಟರ್' ಕುತಂತ್ರಾಂಶ 54 ದೇಶಗಳ ಕನಿಷ್ಠ 5 ಲಕ್ಷ ಸಾಧನಗಳಿಗೆ ಹೊಕ್ಕಾಗಲೂ ಲಿಂಕ್‌ಸಿಸ್, ಮೈಕ್ರೋಟಿಕ್, ನೆಟ್‌ಗೇರ್, ಟಿಪಿ-ಲಿಂಕ್ ಎಲ್ಲವೂ ಪಟ್ಟಿಯಲ್ಲಿದ್ದವು. ದೇಶ ನೋಡಿ ನಿಷೇಧಿಸಿದರೆ ಅರ್ಧ ಸಮಸ್ಯೆ ಹಾಗೇ ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲಿ ಮೋಡೆಮ್‌ಗಳು ಸತ್ತ ವಾರ

ನಮ್ಮಲ್ಲೇ ನಡೆದ ಘಟನೆ ಅನೇಕರಿಗೆ ಮರೆತಿರಬಹುದು. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮನೆಗಳಲ್ಲಿ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಮೊದಲು ಕೇಳಿಬಂದ ಲೆಕ್ಕ ಸುಮಾರು 2,000. ಆದರೆ ಕರ್ನಾಟಕ ಟೆಲಿಕಾಂ ವೃತ್ತದಲ್ಲಿ ಸುಮಾರು 60 ಸಾವಿರ ಮೋಡೆಮ್‌ಗಳಿಗೆ ತೊಂದರೆಯಾಗಿದೆ ಎಂದು ಬಳಿಕ ವರದಿಯಾಯಿತು. ಕಾರಣ ಕೇಳಿದರೆ ನಗು ಬರಬೇಕು: ಯೂಸರ್‌ನೇಮ್ 'ಅಡ್ಮಿನ್', ಪಾಸ್‌ವರ್ಡ್ ಕೂಡ 'ಅಡ್ಮಿನ್'.

ದಾಳಿಯ ಹೊಣೆ ಹೊತ್ತದ್ದು 'ಬ್ರಿಕರ್‌ಬಾಟ್' ಎಂಬ ಕುತಂತ್ರಾಂಶ ಬರೆದಿದ್ದ ಅನಾಮಿಕ. ಭದ್ರತೆಯಿಲ್ಲದ ಸಾಧನಗಳು ಬೇರೆ ಹ್ಯಾಕರ್‌ಗಳ ಪಾಲಾಗುವ ಮೊದಲು ತಾನೇ ಅವನ್ನು ಕೆಡಿಸುತ್ತೇನೆ ಎಂಬುದು ಅವನ ಸಮಜಾಯಿಷಿ. ಕಂಪನಿಗಳು ದೂರದಿಂದಲೇ ಮೋಡೆಮ್ ನಿರ್ವಹಿಸಲು ಬಳಸುವ 7547 ಎಂಬ ಪೋರ್ಟ್ ಹೊರಗಿನ ಇಂಟರ್ನೆಟ್‌ಗೂ ತೆರೆದಿದ್ದದ್ದು ದಾರಿಯಾಯಿತು ಎಂದು ವರದಿಗಳು ಹೇಳಿದವು. ಪಾಸ್‌ವರ್ಡ್ ಬದಲಿಸುವಂತೆ ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಮನವಿ ಮಾಡಿತು. ತಪ್ಪು ಗ್ರಾಹಕರದ್ದು ಮಾತ್ರ ಎನ್ನಲಾಗದು. ಲೈನ್‌ಮನ್ ಬಂದು ಹಾಕಿಕೊಟ್ಟು ಹೋದ ಡಬ್ಬಿಗೆ ಇನ್ನೊಂದು ಪಾಸ್‌ವರ್ಡ್ ಇದೆ ಎಂದು ಎಷ್ಟು ಮನೆಗಳಲ್ಲಿ ಗೊತ್ತಿತ್ತು? ಈ ದಾಳಿಯಲ್ಲಿ ಮೋಡೆಮ್ ಯಾವ ದೇಶದ್ದು ಎಂಬ ಪ್ರಶ್ನೆಯೇ ಬರಲಿಲ್ಲ.

ಭಾರತದ ನಿಯಮ ಏನು ಹೇಳುತ್ತದೆ?

2021ರ ಜೂನ್ 15ರಿಂದ ಟೆಲಿಕಾಂ ಕಂಪನಿಗಳು ತಮ್ಮ ಜಾಲಕ್ಕೆ 'ನಂಬಿಕಸ್ಥ ಮೂಲ'ಗಳಿಂದ ಮಾತ್ರ ಹೊಸ ಉಪಕರಣ ಸೇರಿಸಬೇಕು. ಅದನ್ನು ನಿರ್ಧರಿಸುವುದು ರಾಷ್ಟ್ರೀಯ ಸೈಬರ್ ಭದ್ರತಾ ಸಂಯೋಜಕರು. ಟೆಲಿಕಾಂ ಉಪಕರಣಗಳ ಭದ್ರತಾ ಮಾನದಂಡ ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ವೈಫೈ ಸಾಧನಗಳಿಗೂ ಅದು ಮಾನದಂಡ ಸಿದ್ಧಪಡಿಸಿದೆ. ಪ್ರಮಾಣಪತ್ರ ಕಡ್ಡಾಯ ಮಾಡುವ ಗಡುವು ಮಾತ್ರ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು.

ನಿಷೇಧಕ್ಕೆ ನೇರ ಅಧಿಕಾರ ಇರುವುದು 2023ರ ದೂರಸಂಪರ್ಕ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ. ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ, ಕೇಂದ್ರ ಸರ್ಕಾರ ಹೆಸರಿಸುವ ದೇಶ ಅಥವಾ ವ್ಯಕ್ತಿಗಳ ಉಪಕರಣಗಳನ್ನು ತೆಗೆಸಲು, ನಿಷೇಧಿಸಲು ಅದು ಅವಕಾಶ ಕೊಡುತ್ತದೆ. ಸಿಸಿಟಿವಿ ವಿಚಾರದಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. ಯಾವ ದೇಶದ ಹೆಸರನ್ನೂ ಹೇಳದೆ, 2025ರ ಏಪ್ರಿಲ್ 9ರಿಂದ ಎಲ್ಲ ಕ್ಯಾಮೆರಾಗಳಿಗೂ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿತು. ಬ್ರಿಟನ್ ಇನ್ನೂ ಸರಳ ನಿಯಮ ತಂದಿದೆ: ಎಲ್ಲ ಸಾಧನಕ್ಕೂ ಒಂದೇ ಡಿಫಾಲ್ಟ್ ಪಾಸ್‌ವರ್ಡ್ ಇಡುವಂತಿಲ್ಲ, ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತೇವೆಂದು ಕಂಪನಿ ಮೊದಲೇ ಹೇಳಬೇಕು. 2024ರ ಏಪ್ರಿಲ್ 29ರಿಂದ ಇದು ಜಾರಿಯಲ್ಲಿದೆ. ನಮ್ಮ ಗ್ರಾಹಕರಿಗೆ ತುರ್ತಾಗಿ ಬೇಕಿರುವುದು ಈ ಎರಡನೆಯ ಅಂಶ. ಟಿವಿಯ ಮೇಲೆ ವಿದ್ಯುತ್ ಉಳಿತಾಯದ ಸ್ಟಾರ್ ಇರುವಂತೆ ರೂಟರ್ ಡಬ್ಬಿಯ ಮೇಲೆ ಅಪ್‌ಡೇಟ್ ಮುಗಿಯುವ ವರ್ಷ ಇದ್ದಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ.

ನಿಮ್ಮ ರೂಟರ್ ಪರೀಕ್ಷಿಸುವುದು ಹೇಗೆ?

ಮೊದಲು ಡಬ್ಬಿ ತಿರುಗಿಸಿ, ತಳದ ಸ್ಟಿಕ್ಕರ್‌ನಲ್ಲಿರುವ ಮಾದರಿ ಸಂಖ್ಯೆ ನೋಡಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಆರ್740ಎನ್, 841ಎನ್, 940ಎನ್ ಮಾದರಿಗಳ ಹಳೆಯ ಆವೃತ್ತಿಗಳಲ್ಲಿನ ದೋಷವನ್ನು ಹ್ಯಾಕರ್‌ಗಳು ಬಳಸುತ್ತಿದ್ದಾರೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2025ರ ಜೂನ್‌ನಲ್ಲಿ ಎಚ್ಚರಿಸಿತ್ತು. ಭಾರತದಲ್ಲಿ ವರ್ಷಗಟ್ಟಲೆ ಮಾರಾಟವಾದ ಮಾದರಿಗಳಿವು. ನಿಮ್ಮದು ಇದೇ ಆಗಿದ್ದು, ಹೊಸ ಫರ್ಮ್‌ವೇರ್ ಸಿಗದಿದ್ದರೆ ಬದಲಿಸುವುದೇ ಒಳ್ಳೆಯದು.

ಆಮೇಲೆ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಬೇರೆ, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಹೆಚ್ಚಿನವರು ಬದಲಿಸುವುದು ಮೊದಲನೆಯದನ್ನು ಮಾತ್ರ, ಅದೂ ಮನೆಯವರ ಮೊಬೈಲ್ ನಂಬರ್‌ಗೆ! ಬ್ರೌಸರ್‌ನಲ್ಲಿ 192.168.1.1 ಅಥವಾ ಸ್ಟಿಕ್ಕರ್ ಮೇಲಿನ ವಿಳಾಸ ಹಾಕಿದರೆ ಅಡ್ಮಿನ್ ಪುಟ ತೆರೆಯುತ್ತದೆ. ಅಲ್ಲಿ ಎರಡನೆಯದನ್ನೂ ಬದಲಿಸಿ, 'ರಿಮೋಟ್ ಮ್ಯಾನೇಜ್‌ಮೆಂಟ್' ಆನ್ ಇದ್ದರೆ ಆಫ್ ಮಾಡಿ, ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ.

ಫೈಬರ್ ಸಂಪರ್ಕದ ಡಬ್ಬಿ ಕೇಬಲ್‌ನವರೇ ಕೊಟ್ಟದ್ದಾದರೆ ಅಡ್ಮಿನ್ ಪಾಸ್‌ವರ್ಡ್ ಅವರ ಬಳಿ ಇರಬಹುದು. ಕೇಳಿ ಪಡೆಯಿರಿ. ಕೊಡದಿದ್ದರೆ ಕೊನೆಯ ಅಪ್‌ಡೇಟ್ ಯಾವಾಗ ಹಾಕಿದ್ದೀರಿ ಎಂದಾದರೂ ಕೇಳಿ.

ನಾಸಿಕ್‌ನ ಸಾತಪುರ, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರಿಗೆ ಇದು ಇನ್ನೂ ಮುಖ್ಯ. ವೋಲ್ಟ್ ಟೈಫೂನ್ ಅಡಗಿದ್ದದ್ದು ಮನೆ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳಲ್ಲೇ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಮಷೀನ್‌ಗಳು, ಬಂದುಹೋಗುವವರ ಮೊಬೈಲ್ ಎಲ್ಲವೂ ಒಂದೇ ವೈಫೈಯಲ್ಲಿದ್ದರೆ ಅತಿಥಿಗಳಿಗೆ 'ಗೆಸ್ಟ್ ನೆಟ್‌ವರ್ಕ್' ಬೇರೆ ಮಾಡಿಕೊಡಿ. ಹೆಚ್ಚಿನ ರೂಟರ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ, ಖರ್ಚಿಲ್ಲ.

ಸೋಂಕಿನ ಅನುಮಾನ ಇದ್ದರೆ ರೂಟರ್ ಹಿಂಭಾಗದ ಸಣ್ಣ ರಂಧ್ರದಲ್ಲಿ ಪಿನ್ ಒತ್ತಿ ಪೂರ್ತಿ ರೀಸೆಟ್ ಮಾಡಿ, ಹೊಸ ಪಾಸ್‌ವರ್ಡ್ ಹಾಕಿ. ಬರೀ ಆಫ್ ಮಾಡಿ ಆನ್ ಮಾಡಿದರೆ ವಿಪಿಎನ್‌ಫಿಲ್ಟರ್‌ನಂಥವು ಪೂರ್ತಿ ಹೋಗುವುದಿಲ್ಲ. ಕೆಲವರಿಗೆ ರೀಸೆಟ್ ಬಳಿಕ ನೆಟ್ ಬರುವುದಿಲ್ಲ, ಹಾಗಾಗಿ ಬ್ರಾಡ್‌ಬ್ಯಾಂಡ್ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಮೊದಲೇ ಬರೆದಿಟ್ಟುಕೊಳ್ಳಿ. ಕಂಪ್ಯೂಟರ್, ಮೊಬೈಲ್ ಸ್ವಚ್ಛ ಮಾಡುವ ಉಚಿತ ಸಾಧನಗಳು ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಸಿಗುತ್ತವೆ.